ನಾವು, ರಂಗಂಪೇಟೆಯ ಜನ

ಹೋದ ತಿಂಗಳು ಮೊಮ್ಮಗಳ ಜೊತೆ ಸುರಪುರದ ತಹಶೀಲ್ ಕಚೇರಿಗೆ ಹೋಗಿದ್ದೆ. ಅವಳು ಶಾಲೆಯ ಮಾಸ್ತರಿಕೆಗೆ ಅರ್ಜಿ ಹಾಕಬೇಕು, ಅದಕ್ಕೆ ಈ ಭಾಗದವಳೇ ಎಂಬ ಪ್ರಮಾಣಪತ್ರ ಬೇಕು, ಹಳೆಯದೇನಾದರೂ ಕೇಳಿದರೆ ಹೇಳಲು ಅಜ್ಜಿ ಬೇಕು. ಕಿಟಕಿಯ ಒಳಗಿದ್ದ ಗುಮಾಸ್ತ ಕಾಗದದಿಂದ ತಲೆ ಎತ್ತದೆಯೇ, "ಅಜ್ಜಿ, ನೀವು ಮೂಲದಾಗ ಎಲ್ಲಿಯವ್ರು?" ಎಂದ. ನನಗೆ ನಗು ತಡೆಯಲಾಗಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ಮೊಮ್ಮಗಳು ಸೆರಗು ಜಗ್ಗಿ, "ಆಯಿ, ಸುಮ್ನಿರು" ಎಂದಳು. ಏನು ಸುಮ್ಮನಿರುವುದು? ಇದೇ ಪ್ರಶ್ನೆಯ ಜೊತೆ ಹದಿನೆಂಟರ ವಯಸ್ಸಿನಲ್ಲಿ ಒಂದು ಇಡೀ ಮಳೆಗಾಲ ಗುದ್ದಾಡಿದವಳು ನಾನು. ಅದನ್ನೆಲ್ಲ ಅಲ್ಲೇ ಹೇಳಲು ಹೋಗಿದ್ದರೆ ಹಿಂದೆ ನಿಂತವರು ಬೈಯುತ್ತಿದ್ದರು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನನ್ನ ತವರು ಮುದ್ದೇಬಿಹಾಳದ ಕಡೆ, ಡೋಣಿ ಹೊಳೆಯ ಆಚೆ. ಅಲ್ಲಿ ಇಂಗ್ರೇಜರ ಮುಂಬೈ ಇಲಾಖೆ, ಇಲ್ಲಿ ನಿಜಾಮರ ರಾಜ್ಯ. ನಮ್ಮ ಕಡೆಯವರು ಇದನ್ನು ಮೊಗಲಾಯಿ ಎನ್ನುತ್ತಿದ್ದರು. ಎರೆಮಣ್ಣು ಒಂದೇ, ಜೋಳ ಒಂದೇ, ಬೈಗುಳ ಕೂಡ ಒಂದೇ. ಆದರೂ ಆಚೆಯಿಂದ ಈಚೆಗೆ ಬಂದವರು ಹೊರಗಿನವರು. ಈ ರಾಜ್ಯದವರಾದರೆ "ಮುಲ್ಕಿ", ಅಲ್ಲದವರು "ಗೈರ ಮುಲ್ಕಿ". ಸರಕಾರಿ ಚಾಕರಿ ಬೇಕೆಂದರೆ ಮುಲ್ಕಿ ಎಂಬ ಕಾಗದ ಮೊದಲು ತೋರಿಸಬೇಕು. ನಾನು ಲಗ್ನವಾಗಿ ಸುರಪುರಕ್ಕೆ ಅಂಟಿದ ರಂಗಂಪೇಟೆಗೆ ಬಂದ ದಿನದಿಂದ ಓಣಿಯವರೆಲ್ಲ ನನ್ನ ಹೆಸರು ಬಿಟ್ಟು "ಆಚಿಕಡಿಯಾಕಿ" ಎಂದೇ ಕರೆಯುತ್ತಿದ್ದರು.

ಲಗ್ನದ ನಂತರದ ಮೊದಲ ನಾಗರಪಂಚಮಿ. ಅಣ್ಣ ಕರೆಯಲು ಬರುತ್ತಾನೆಂದು ಬಟ್ಟೆಯ ಗಂಟು ಕಟ್ಟಿಟ್ಟು ಬಾಗಿಲು ನೋಡುತ್ತಿದ್ದೆ. ಮಳೆ ಹಿಡಿದದ್ದು ಬಿಡಲೊಲ್ಲದು. ಡೋಣಿ ದಂಡೆ ಮೀರಿ ಹರಿಯಿತು, ಎರೆಹೊಲದ ದಾರಿಯಲ್ಲಿ ಬಂಡಿಗಳು ಅಚ್ಚಿನ ತನಕ ಹೂತವು, ಅಣ್ಣ ಬರಲಿಲ್ಲ. ಹೊರಗೆ ಹುಡುಗಿಯರು ಜೋಕಾಲಿ ಜೀಕುತ್ತ ಕೇಕೆ ಹಾಕುತ್ತಿದ್ದರು, ನಾನು ಒಲೆಯ ಮುಂದೆ ಕೂತು ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದೆ. ನಮ್ಮ ಅತ್ತೆ ನೀಲಮ್ಮನವರು ಸಮಾಧಾನ ಹೇಳುವ ಪೈಕಿಯಲ್ಲ. "ನೀ ಅತ್ರ ಹೊಳಿ ಇಳಿತೈತೇನ? ಇನ್ನಾ ಏರ್ತೈತಿ. ರೊಟ್ಟಿ ಬಡಿ" ಎಂದರು.

ಆ ಮನೆ ಅತ್ತೆಗೆ ಅವರ ತಂದೆಯಿಂದ ಬಂದದ್ದು. ಹುಟ್ಟಿದ್ದೂ ಅಲ್ಲೇ, ಗಂಡನನ್ನು ಮನೆ ಅಳಿಯನಾಗಿ ಕರೆತಂದು ಬಾಳಿದ್ದೂ ಅಲ್ಲೇ. ಅವರ ಮಗ, ಅಂದರೆ ನಮ್ಮವರು, ದರ್ಜಿ. ಪಡಸಾಲೆಯ ಒಂದು ತುದಿಗೆ ಅವರ ಹೊಲಿಗೆ ಯಂತ್ರ, ಇನ್ನೊಂದು ತುದಿಗೆ ವಾಚನಾಲಯ. ವಾಚನಾಲಯವೆಂದರೆ ಒಂದು ಕಪಾಟು, ನಲವತ್ತು ಪುಸ್ತಕ, ಒಂದು ಜಮಖಾನೆ, ನಮ್ಮವರೂ ಸೇರಿ ಎಂಟು ಗಂಡಸರು. ಅವರೆಲ್ಲ ಸಾಲೆಯಲ್ಲಿ ಉರ್ದು ಕಲಿತವರು. ಕನ್ನಡ ಮಾತಾಡಿದರೆ ಪಟಪಟ, ಓದಲು ಕೊಟ್ಟರೆ ತಡಬಡ. ನಾನು ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಆ ಕಪಾಟಿನ ಕನ್ನಡ ಪುಸ್ತಕಗಳನ್ನು ನೀರು ಕುಡಿದಂತೆ ಓದಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ, ಮತ್ತು ಅವನ್ನು ಮುಟ್ಟಲು ಆಗದವಳೂ ನಾನೇ. ನಮ್ಮವರು ಹೇಗೋ ಎರಡು ಪುಸ್ತಕ ಒಳಗೆ ತಂದುಕೊಟ್ಟಿದ್ದರು. ಎರಡನ್ನೂ ಬಾಯಿಪಾಠ ಬರುವಷ್ಟು ಓದಿ, ಉಳಿದ ಮೂವತ್ತೆಂಟಕ್ಕಾಗಿ ಜೀವ ಚಡಪಡಿಸುತ್ತಿತ್ತು.

ವಾಚನಾಲಯ ಶುರುಮಾಡಿದವರು ಗುರುನಾಥ ಮಾಸ್ತರರು. ಪೇಟೆಯ ವ್ಯಾಪಾರಿಗಳ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ, ಮಳೆಗಾಲವಿಡೀ ಮೂಗು ಸೋರುತ್ತಿದ್ದ ಸಣಕಲ ಮನುಷ್ಯ. ಅವರೂ ಡೋಣಿಯ ಆಚೆಯವರೇ. ಹೊಳೆ ತುಂಬಿ ಅವರೂ ಊರಿಗೆ ಹೋಗಲಾಗದೆ ಉಳಿದರು. ಉಳಿದವರು ಸುಮ್ಮನೆ ಕೂಡಲಿಲ್ಲ. ಅಮೇರಿಕದವರು ತಮ್ಮ ರಾಜ್ಯವನ್ನು ಹೇಗೆ ಕಟ್ಟಿಕೊಂಡರು ಎಂಬ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದು, ನಿಜಾಮರ ರಾಜ್ಯದಲ್ಲಿ ವಾರದ ರಜೆಯಾಗಿದ್ದ ಶುಕ್ರವಾರದ ಮಧ್ಯಾಹ್ನಗಳಲ್ಲಿ ಕನ್ನಡ ಮಾಡಿ ಹೇಳತೊಡಗಿದರು.

ಅಬ್ಬಬ್ಬಾ, ಆ ಶುಕ್ರವಾರಗಳು! ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತರೆ ಹಂಚಿನ ಮೇಲಿನ ರೊಟ್ಟಿ ಸೀದದ್ದೂ ಗೊತ್ತಾಗುತ್ತಿರಲಿಲ್ಲ. ಇಂಗ್ರೇಜರ ರಾಜನಿಗೇ ಹದಿಮೂರು ಸೀಮೆಗಳು ಎದುರು ನಿಂತವಂತೆ. ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕುವಂತಿಲ್ಲ ಎಂದು ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಚೆಲ್ಲಿದರಂತೆ. "ದೇವರು ರಾಜಗ ಕೊಟ್ಟಾನ, ರಾಜ ನಮಗ ಕೊಡ್ತಾನ ಅಂತ ನಾವು ತಿಳಕೊಂಡೀವಿ," ಎಂದರು ಮಾಸ್ತರರು. "ಅವರು ಅದನ್ನ ತಿರುವಿ ಹಾಕಿದ್ರು. ಜನ ಒಪ್ಪಿದ್ರ ಅಷ್ಟ ಅಧಿಕಾರ. ರಯ್ಯತ ಅಂದ್ರ ಆಳಿಸಿಕೊಳ್ಳಾವ. ನಾಗರಿಕ ಅಂದ್ರ ಆಳೂದರಾಗ ಪಾಲು ಇದ್ದಾವ." ಅತ್ತೆ ಹಿಂದಿನಿಂದ ತಿವಿದು, "ಏನಂದ ಅವ? ನನಗೂ ಹೇಳ" ಎಂದರು. ಅಂದಿನಿಂದ ನಾನು ಕೇಳುವುದು, ಅತ್ತೆಗೆ ಪಿಸುಗುಟ್ಟುವುದು, ಇದೇ ನಡೆಯಿತು.

ಆಗ ನಾಲ್ಕು ಜನ ಕೂಡಿ ಭಾಷಣ ಮಾಡಬೇಕೆಂದರೆ ಸರಕಾರದ ಪರವಾನಗಿ ಬೇಕು. ಅದಕ್ಕೇ ಕಿಟಕಿ ಮುಚ್ಚಿಕೊಂಡು ಕೂಡುತ್ತಿದ್ದರು. ಒಳಗೆ ಕುದಿ. ಒಬ್ಬರು ಗೊಣಗಿದಾಗ ಮಾಸ್ತರರ ಮುಖ ಅರಳಿತು. "ಫಿಲಡೆಲ್ಫಿಯಾ ಅನ್ನೂ ಊರಾಗ ಅವರೂ ಬ್ಯಾಸಗಿಯೊಳಗ ಹಿಂಗ ಕಿಡಕಿ ಬಂದ್ ಮಾಡ್ಕೊಂಡ ಕುಂತು ತಮ್ಮ ರಾಜ್ಯದ ಕಾಗದ ಬರದ್ರು!" ಅಲ್ಲಿಂದ ಮುಂದೆ ಬೆವರು ಒರೆಸಿಕೊಳ್ಳುವುದರಲ್ಲೂ ಎಲ್ಲರಿಗೆ ಒಂದು ಗತ್ತು ಬಂತು. ಕಾಯಿದೆ ಮಾಡುವವರು ಬೇರೆ, ನಡೆಸುವವರು ಬೇರೆ, ನ್ಯಾಯ ಹೇಳುವವರು ಬೇರೆ ಇರಬೇಕೆಂದು ಆ ಕಾಗದದಲ್ಲಿ ಇದೆಯೆಂದಾಗ, ಕಕ್ಕೇರಾ ಕಡೆಯ ಕುರಿಗಾರ ಬೀರಪ್ಪ ತೊಡೆ ತಟ್ಟಿಕೊಂಡು ನಕ್ಕ. "ನಮ್ಮೂರ ಗೌಡ ಮೂರೂ ಕೆಲಸ ಒಬ್ಬನ ಮಾಡ್ತಾನ್ರಿ ಮಾಸ್ತರ, ಅದೂ ಹಲ್ಲು ತಿಕ್ಕೂದರಾಗ ಮುಗಿಸ್ತಾನ."

ಆ ಕಾಗದ ರಾಜನ ಹೆಸರಿನಿಂದಲ್ಲ, "ನಾವು" ಎಂಬ ಮಾತಿನಿಂದ ಶುರುವಾಗುತ್ತದೆ ಎಂದು ಮಾಸ್ತರರು ಹೇಳಿದ ದಿನ ನನಗೆ ತಡೆಯಲಾಗಲಿಲ್ಲ. ಹೊಸ ಸೊಸೆ ಗಂಡಸರ ಮುಂದೆ ಬಾಯಿ ಬಿಡುವಂತಿಲ್ಲ. ಒಂದು ಚೀಟಿ ಬರೆದು ಅತ್ತೆಯ ಕೈಯಲ್ಲಿ ಕಳಿಸಿದೆ. ಮಾಸ್ತರರು ಗಟ್ಟಿಯಾಗಿ ಓದಿದರು: "ಆ 'ನಾವು' ಅನ್ನುವುದರಲ್ಲಿ ಹೆಂಗಸರು ಇದ್ದರೇ?" ನಮ್ಮವರ ಯಂತ್ರ ನಿಂತಿತು. ಮಾಸ್ತರರು ಮೂಗು ಒರೆಸಿಕೊಂಡರು. "ಇರಲಿಲ್ಲ. ಗುಲಾಮರನ್ನ ಐದಕ್ಕ ಮೂರು ಮಂದಿ ಅಂತ ಎಣಿಸಿದ್ರು, ಮತ ಮಾತ್ರ ಒಂದೂ ಕೊಡಲಿಲ್ಲ. ಅದು ಅವರ ದೊಡ್ಡ ತಪ್ಪು. ಆದ್ರ ಕಾಗದ ತಿದ್ದಾಕ ಕಾಗದದಾಗ ಒಂದು ಹಾದಿ ಇಟ್ಟಿದ್ರು. ಭಾಳ ಹೊಡದಾಡಿ, ಭಾಳ ತಡವಾಗಿ, ಒಬ್ಬೊಬ್ಬರ ಒಳಗ ಬಂದ್ರು." ಅತ್ತೆ ನನ್ನ ಹತ್ತಿರ ಬಂದು, "ಬರಿಯೂ ಮುಂದ ಒಮ್ಮಿ ಅಡಿಗಿಮನಿಗೆ ಬಂದು ಕೇಳಿದ್ರ ಇಷ್ಟು ತಡಾ ಆಗ್ತಿದ್ದಿಲ್ಲ" ಎಂದರು.

ಇಷ್ಟೆಲ್ಲ ಕೇಳಿದ ಮೇಲೆ ಯಾರಿಗೆ ಸುಮ್ಮನಿರಲಾಗುತ್ತದೆ? ನಮ್ಮ ವಾಚನಾಲಯಕ್ಕೂ ಒಂದು ಕಾಗದ ಬೇಕು, ಬರೆದೇ ತೀರಬೇಕು ಎಂದು ಎಂಟೂ ಜನ ಎದ್ದು ನಿಂತರು. ಬರೆಯುವ ಹಕ್ಕು ತನ್ನದೇ ಎಂದು ಮುಂದೆ ಬಂದವನು ಅರ್ಜಿ ಮಲ್ಲಣ್ಣ. ಕಚೇರಿಯ ಬೇವಿನ ಗಿಡದ ಕೆಳಗೆ ಕೂತು ಇಪ್ಪತ್ತು ವರ್ಷದಿಂದ ಊರ ಜನರ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದುಕೊಟ್ಟವನು. ಮುಲ್ಕಿ ಕಾಗದದ ಅರ್ಜಿಯಂತೂ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಅವನು ಲೇಖನಿ ಕಿವಿಯಿಂದ ತೆಗೆದು ಕೇಳಿದ, "ಮೊದಲ 'ಫಿದ್ವಿ' ಅಂತ ಹಾಕಲೇನ್ರಿ?" ಫಿದ್ವಿ ಎಂದರೆ ತಮ್ಮ ಪಾದದ ಸೇವಕ; ಆ ಮಾತಿಲ್ಲದ ಅರ್ಜಿಯನ್ನು ಯಾವ ಕಚೇರಿಯೂ ಮುಟ್ಟುತ್ತಿರಲಿಲ್ಲ.

"ಬ್ಯಾಡ ಮಲ್ಲಣ್ಣ" ಎಂದರು ಮಾಸ್ತರರು.

"ಹಂಗಾರ ಇದು ಯಾರಿಗೆ ಬರಿಯೂದು?"

"ಯಾರಿಗೂ ಅಲ್ಲ. ನಮಗ ನಾವ ಬರಕೊಳ್ಳೂದು."

ಮಲ್ಲಣ್ಣ ಲೇಖನಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿದ. ಇಪ್ಪತ್ತು ವರ್ಷದಲ್ಲಿ ಯಾರ ಪಾದಕ್ಕೂ ಬೀಳದ ಒಂದು ಕಾಗದವನ್ನೂ ಅವನು ಬರೆದಿರಲಿಲ್ಲ. "ನನ್ನ ಕೈಗೆ ಇದು ಬರೂದಿಲ್ರಿ," ಎಂದ, "ನಾ ಹೇಳ್ತೀನಿ, ಕನ್ನಡದಾಗ ಯಾರರ ಬರೀರಿ." ಮಾಸ್ತರರ ಅಕ್ಷರವೋ ಕೋಳಿ ಕೆದರಿದ ತಿಪ್ಪೆ. ಆಗ ನಮ್ಮವರು ಯಂತ್ರದ ಹಿಂದಿನಿಂದ ಮೆಲ್ಲಗೆ, "ನಮ್ಮ ಮನ್ಯಾಕಿ ಚಂದ ಬರೀತಾಳ" ಎಂದರು. ನಾನು ತವರಿನಿಂದ ತಂದಿದ್ದ ನನ್ನ ಶಾಯಿಯ ಕುಡಿಕೆ ಹುಡುಕಿ ತೆಗೆದೆ. ಬಾಗಿಲ ಒಳಗೆ ಮಣೆ ಹಾಕಿಕೊಂಡು ಕೂತೆ, ಹೊರಗಿನಿಂದ ಅವರು ಹೇಳುತ್ತ ಹೋದರು. "ನಾವು, ರಂಗಂಪೇಟೆಯ ಜನ" ಎಂದು ಮೊದಲ ಸಾಲು ಬರೆಯುವ ಅವಸರದಲ್ಲಿ ಒಂದು ಹನಿ ಮಸಿ ಬಿತ್ತು. ಅಷ್ಟು ಖುಷಿ ನನಗೆ ಲಗ್ನದ ದಿನವೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ?

ಕಲಮುಗಳ, ಅಂದರೆ ನಿಯಮಗಳ, ಬರವಣಿಗೆ ಮೂರು ಶುಕ್ರವಾರ ನಡೆಯಿತು. ವಾಚನಾಲಯಕ್ಕೆ ಏನಾದರೂ ಒಂದು ಕೊಟ್ಟವರು ಸದಸ್ಯರು. ಸದಸ್ಯರಿಗೆ ಒಂದೊಂದು ಮತ. ಸದಸ್ಯರಷ್ಟೇ ಜಮಖಾನೆಯ ಮೇಲೆ ಕೂತು ಓದಬಹುದು, ಸಲಕ್ಕೊಂದು ಪುಸ್ತಕ ಒಯ್ಯಬಹುದು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಯಾವ ಕಲಮನ್ನಾದರೂ ತಿದ್ದಬಹುದು. ನಡುವೆ ಒಂದು ದಿನ ಅಮೀನನ, ಅಂದರೆ ಪೊಲೀಸ್ ಅಧಿಕಾರಿಯ, ಜವಾನ ಬಂದು ನಮ್ಮವರ ಹತ್ತಿರ ಅಂಗಿಯ ಅಳತೆ ಕೊಡುವ ನೆಪ ಮಾಡಿ, "ಆ ಮಾಸ್ತರ ಎಲ್ಲಿಯಾವ? ಇಲ್ಲಿ ಹೊರಗಿನವರು ಯಾರ್ಯಾರು ಬರ್ತಾರ?" ಎಂದು ಕೇಳಿ ಹೋದ. ಎಲ್ಲರ ಮುಖ ಸಣ್ಣದಾಯಿತು. ಆ ಶುಕ್ರವಾರ ಮಾಸ್ತರರು ಜ್ವರದಿಂದ ಬರಲಿಲ್ಲ. ಮಲ್ಲಣ್ಣ ತನಗೆ ಬಾಯಿಪಾಠವಿದ್ದ ಒಂದು ಮಾತನ್ನು ಸದಸ್ಯರ ಕಲಮಿಗೆ ಸೇರಿಸಿದ: "ಮುಲ್ಕಿಯಾಗಿದ್ದು, ವಾಚನಾಲಯಕ್ಕೆ ಏನಾದರೂ ಕೊಟ್ಟ ಯಾರೇ ಆದರೂ ಸದಸ್ಯರು." ಸರಕಾರಿ ಕಾಗದದ ಹಾಗೆ ಕೇಳಿಸಿತು, ಎಲ್ಲರೂ ಭೇಷ್ ಎಂದರು. ನಾನೂ ಅದನ್ನು ದುಂಡಗೆ ಬರೆದು ಮುಗಿಸಿದೆ.

ಮರುದಿನ ಶುದ್ಧಪ್ರತಿ ಮಾಡುವಾಗ ನನ್ನ ಕೈ ಗಕ್ಕನೆ ನಿಂತಿತು. ಮುಲ್ಕಿಯಾಗಿದ್ದು! ಕಪಾಟು ತಂದವರು, ಪುಸ್ತಕ ಕೂಡಿಸಿದವರು, "ನಾವು" ಎನ್ನುವುದನ್ನು ಕಲಿಸಿದವರು ಮಾಸ್ತರರು; ಅವರು ಗೈರ ಮುಲ್ಕಿ. ಅವರನ್ನು ಅವರ ವಾಚನಾಲಯದಿಂದಲೇ ಹೊರಗೆ ಹಾಕಿದ್ದೇವೆ. ಮತ್ತು ನಾನು? ಶಾಯಿ ಕೊಟ್ಟವಳು, ಇಡೀ ಕಾಗದ ಬರೆದವಳು, ನಾನೂ ಹೊರಗೆ. ನನ್ನ ಕೈಯಿಂದಲೇ ಬಾಗಿಲು ಹಾಕಿಕೊಂಡಿದ್ದೆ. ಒಳಗೆ ಒಂದು ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ: ಶಾಯಿ ಕೊಟ್ಟಿದ್ದೇನಲ್ಲ, ನಾನೂ ಸದಸ್ಯಳೇ, ಇನ್ನು ಕಪಾಟು ತೆಗೆದು ಬೇಕಾದ್ದನ್ನು ಓದಬಹುದು ಎಂದು. ಸಿಟ್ಟಿನಲ್ಲೇ ಒಂದು ಚೀಟಿ ಬರೆದೆ: "ಈ ಕಲಮಿನ ಪ್ರಕಾರ ಮಾಸ್ತರರು ಹೊರಗೆ, ಇದನ್ನು ಬರೆದವಳೂ ಹೊರಗೆ. ತಿದ್ದುಪಡಿ ಬೇಕು."

ಶುಕ್ರವಾರ ಚೀಟಿ ಓದಿದ್ದೇ ತಡ, ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಮಲ್ಲಣ್ಣ ತಲೆ ಮೇಲೆ ಕೈ ಹೊತ್ತು ಕೂತ. "ನಾ ಮಾಸ್ತರರನ್ನ ಹೊರಗ ಹಾಕಬೇಕಂತ ಬರದಿಲ್ರೋ! ಅದು ಕೈಗೆ ಬಂದಬಿಟ್ಟಿತು." ಆದರೆ ಸ್ವಲ್ಪ ಹೊತ್ತಿಗೆ ಧ್ವನಿ ಇಳಿಸಿ, "ಆದ್ರ ಈಗ ನೋಡಿದ್ರ ಅದ ಛಲೋ ಐತಿ," ಎಂದ. "ನಾಳೆ ಅಮೀನ ಬಂದ್ರ ಕಾಗದ ತೋರಸಬಹುದು, ಹೊರಗಿನವರು ಯಾರೂ ಇಲ್ಲ ಅಂತ. ಮಾಸ್ತರ ಹಂಗ ಬಂದು ಹೋಗ್ಲಿ, ಹೆಸರು ಬ್ಯಾಡ." ಬೀರಪ್ಪ ಎಗರಿ ಬಿದ್ದ, "ಹೆಸರಿಲ್ಲದಂಗ ಬಂದು ಹೋಗಾಕ ಅವರೇನು ಕಳ್ಳರೇನೋ?" ಮಾಸ್ತರರು ಜ್ವರದ ಕಣ್ಣಿನಲ್ಲೇ ನಗುತ್ತಿದ್ದರು. "ಅಮೇರಿಕದವರಿಗೆ ತಮ್ಮ ತಪ್ಪು ಕಾಣಾಕ ನೂರು ವರ್ಷ ಬೇಕಾತು. ನಮಗ ಏಳು ದಿನ. ಮತ ಹಾಕ್ರಿ. ನನಗ ಮತ ಇಲ್ಲ, ನಾ ಮಾತಾಡೂದಿಲ್ಲ."

ಒಂದು ಗಡಿಗೆ ತಂದರು. ತಿದ್ದಬೇಕು ಎನ್ನುವವರು ಜೋಳದ ಕಾಳು, ಬೇಡ ಎನ್ನುವವರು ಹುಣಸೆ ಬೀಜ, ಮುಷ್ಟಿ ಮುಚ್ಚಿ ಹಾಕಬೇಕು. ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತೆ. ಎಂಟು ಮುಷ್ಟಿ ಗಡಿಗೆಯೊಳಗೆ ಹೋಗಿ ಬಂದವು. ಮಾಸ್ತರರು ಜಮಖಾನೆಯ ಮೇಲೆ ಸುರುವಿದರು. ನಾಲ್ಕು ಜೋಳ, ನಾಲ್ಕು ಹುಣಸೆ ಬೀಜ.

"ಅರ್ಧಕ್ಕಿಂತ ಹೆಚ್ಚು ಬೇಕು," ಎಂದ ಮಲ್ಲಣ್ಣ. "ಆಗಲಿಲ್ಲ. ಕಲಮು ಹಂಗ ಉಳಿತು."

ಅಷ್ಟರಲ್ಲಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಅತ್ತೆ ನನ್ನನ್ನು ಸರಿಸಿ ಪಡಸಾಲೆಗೆ ನಡೆದರು. "ಮಲ್ಲಣ್ಣಾ, ನಾ ಎಲ್ಲಿ ಹುಟ್ಟೀನಿ?"

"ಇದ ಮನ್ಯಾಗ, ನೀಲವ್ವ."

"ನೀ ಕುಂತ ಪಡಸಾಲಿ ಯಾರು ಕೊಟ್ಟಾರ?"

"ನೀನ ಕೊಟ್ಟೀದಿ."

"ಶರಣವ್ವಾ," ಎಂದು ಅತ್ತೆ ನನ್ನನ್ನು ಕೂಗಿದರು. ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಹೊರಗೆ ಕರೆದದ್ದು ಅದೇ ಮೊದಲು. "ಆ ಕಲಮು ಓದು. ಗಟ್ಟಿಯಾಗಿ ಓದು."

ಎಂಟು ಗಂಡಸರು, ಒಬ್ಬ ಮಾಸ್ತರ. ಸೆರಗು ಹೊದ್ದು ಹೊಸ್ತಿಲ ಈಚೆ ಬಂದೆ. ಗಟ್ಟಿಯಾಗಿಯೇ ಓದಿದೆ: "ಮುಲ್ಕಿಯಾಗಿದ್ದು, ವಾಚನಾಲಯಕ್ಕೆ ಏನಾದರೂ ಕೊಟ್ಟ ಯಾರೇ ಆದರೂ ಸದಸ್ಯರು."

"ಯಾರ ಆದ್ರೂ," ಎಂದರು ಅತ್ತೆ. "ಅದರಾಗ ಗಂಡಸ ಅಂತ ಐತೇನ?"

"ಇಲ್ರಿ ಅತ್ತಿ."

ಒಬ್ಬ, "ಅದು ಬರೆಯೂ ಮುಂದ ನಮಗ ತಿಳಿಲಿಲ್ಲವ್ವ" ಎಂದ. "ನಿಮಗ ತಿಳಿದಿದ್ರ ನನ್ನ ಮತ ಹೋಗ್ತಿತ್ತು, ತಿಳೀದ್ದ ಛಲೋ ಆತು" ಎಂದರು ಅತ್ತೆ. ಎಲ್ಲರೂ ಮಲ್ಲಣ್ಣನ ಮುಖ ನೋಡಿದರು. ಅವನು ನನ್ನ ಕೈಯಿಂದ ಕಾಗದ ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದ. ಇಪ್ಪತ್ತು ವರ್ಷ ಕಾಗದವನ್ನೇ ನಂಬಿ ಹೊಟ್ಟೆ ಹೊರೆದ ಮನುಷ್ಯ. "ಕಾಗದದಾಗ ಹಂಗ ಐತಿ," ಎಂದ ಕೊನೆಗೆ. "ನಾ ಹೇಳಿ ಬರಿಸಿದ್ದು, ನಾ ಇಲ್ಲ ಅನ್ನೂದಿಲ್ಲ. ಹಾಕವ್ವ ನಿನ್ನ ಮತ." ಅತ್ತೆ ಮುಷ್ಟಿ ಗಿಷ್ಟಿ ಮುಚ್ಚಲಿಲ್ಲ. ಎಲ್ಲರಿಗೂ ಕಾಣುವಂತೆ ಒಂದು ಜೋಳದ ಕಾಳನ್ನು ಜಮಖಾನೆಯ ಮೇಲೆ ಎಸೆದು, "ಈಕಿಗೆ ಪುಸ್ತಕ ಸಿಗಲಿಲ್ಲಂದ್ರ ನನಗ ಓದಿ ಹೇಳಾವ್ರು ಯಾರು?" ಎಂದು ಒಳಗೆ ಹೋದರು.

ಬೀರಪ್ಪ ಕೂಗಿದ ಕೂಗು ಸುರಪುರದ ಗುಡ್ಡಕ್ಕೆ ಕೇಳಿಸಿರಬೇಕು. ಯಾರೋ ಕಿಟಕಿ ತೆರೆದೇಬಿಟ್ಟರು. "ಮುಲ್ಕಿಯಾಗಿದ್ದು" ಎಂಬ ಮಾತಿನ ಮೇಲೆ ನಾನೇ ಅಡ್ಡಗೆರೆ ಎಳೆದೆ, ಎರಡು ಸಲ ಎಳೆದೆ. ಮಾಸ್ತರರು ಲೇಖನಿಯನ್ನು ನನ್ನ ಕಡೆಗೇ ತಿರುಗಿಸಿ, "ಬರದಾವರು ಮೊದಲು, ತಾಯಿ" ಎಂದರು. ಶರಣಮ್ಮ ಎಂದು ಬರೆದೆ. ಇಂಥವರ ಮಗಳು, ಇಂಥವರ ಹೆಂಡತಿ ಎಂಬುದೇನೂ ಇಲ್ಲ, ಬರೀ ಹೆಸರು. ಕಪಾಟಿನ ಬಾಗಿಲು ತೆಗೆದು ಮೂರು ಪುಸ್ತಕ ಎತ್ತಿಕೊಂಡೆ. ಒಂದೇ ಒಯ್ಯಬೇಕೆಂದು ಕಲಮಿತ್ತು, ಯಾರೂ ನೆನಪಿಸಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಚಹ ಕೊಡಲು ಹೋದರೆ ನಮ್ಮವರು ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು, ಸೂಜಿಗೆ ದಾರವನ್ನೂ ಪೋಣಿಸಿರಲಿಲ್ಲ. ನನ್ನ ಮುಖ ನೋಡದೆ, "ನಾ ಹುಣಸಿ ಬೀಜ ಹಾಕಿದ್ದೆ" ಎಂದರು.

ಚಹದ ಬಟ್ಟಲು ಕೈಯಲ್ಲೇ ಉಳಿಯಿತು. "ನೀವು?"

"ಆ ಜವಾನ ಬಂದು ಹೋದಮ್ಯಾಗ ನನಗ ಊಟ ಸೇರವಲ್ದು. ಕಾಗದದಾಗ ನಿನ್ನ ಹೆಸರಿತ್ತಂದ್ರ ಅಮೀನ ಮೊದಲ ನಿನ್ನ ಹಿಡಿತಾನ, ಹೊರಗಿನಾಕಿ ಅಂತ. ನಿನ್ನ ಸಲುವಾಗಿ ಹಾಕಿದ್ನಿ."

ಸಿಟ್ಟು ಬಂತು. ದಾರವಿಲ್ಲದ ಆ ಸೂಜಿಯನ್ನು ನೋಡಿ ಅಯ್ಯೋ ಎಂದೂ ಅನಿಸಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಹದಿನೆಂಟಕ್ಕೆ ಗೊತ್ತಿರುವುದಿಲ್ಲ. ಬಟ್ಟಲನ್ನು ಯಂತ್ರದ ಹಲಗೆಯ ಮೇಲಿಟ್ಟು ಹೇಳಿದೆ, "ನನ್ನ ಸಲುವಾಗಿ ಹೆದರೂದಿದ್ರ, ಇನ್ನ ಮುಂದ ನನ್ನ ಕೇಳಿ ಹೆದರ್ರಿ."

ಅವರು ತಲೆಯೆತ್ತಿ ಬಟ್ಟಲನ್ನು ಕೈಗೆತ್ತಿಕೊಂಡರು. "ಆತು," ಎಂದರು, "ಕೇಳ್ತೀನಿ."

ಆಮೇಲೆ ಬದುಕಿದ್ದಷ್ಟು ಕಾಲವೂ ಕೇಳಿದರು. ಎರಡು ಸಲ ಮರೆತರು, ನಾನು ನೆನಪಿಸಿದೆ.